ಓದಿ ಹೇಳದೆ ಹೋದ ಜಬಾನಿ

ಖಟ್, ಖಟಾಕ್. ಖಟ್, ಖಟಾಕ್.

ಸೋಲಾಪುರದ ನೇಕಾರರ ಓಣಿಯಲ್ಲಿ, ನಮ್ಮ ವಕೀಲಸಾಹೇಬರ ಆಫೀಸಿನ ಗೋಡೆಯ ಆಚೆ ಒಂದು ಕೈಮಗ್ಗವಿತ್ತು. ಐವತ್ತರ ದಶಕದ ನನ್ನ ನೆನಪೆಲ್ಲ ಆ ಸದ್ದಿನಿಂದಲೇ ಶುರುವಾಗುತ್ತದೆ. ಗೋಡೆ ತೆಳ್ಳಗಿನದು, ಲಾಳಿ ಅತ್ತಿತ್ತ ಓಡುವುದು ನನ್ನ ಕುರ್ಚಿಯ ಬೆನ್ನಿಗೆ ತಾಗುತ್ತಿತ್ತು. ಮಧ್ಯಾಹ್ನ ಎರಡರ ಸುಮಾರಿಗೆ ಬಿಸಿಲು ಕಿಟಕಿಯ ಬಣ್ಣದ ಗಾಜಿನಿಂದ ಇಳಿದು ಫೈಲುಗಳ ಮೇಲೆ ಹಳದಿಯಾಗಿ, ಹಸಿರಾಗಿ ಬಿದ್ದಾಗ ನನ್ನ ಬೆರಳುಗಳು ತಾವಾಗಿಯೇ ಮಗ್ಗದ ತಾಳ ಹಿಡಿಯುತ್ತಿದ್ದವು. ಟೈಪ್ ಮಾಡುತ್ತಿದ್ದೇನೋ ನೇಯುತ್ತಿದ್ದೇನೋ ನನಗೇ ತಿಳಿಯುತ್ತಿರಲಿಲ್ಲ. ಒಮ್ಮೆ ಒಂದೇ ಸಾಲಿನಲ್ಲಿ 'ಪ್ಲೇಂಟಿಫ್', ಅಂದರೆ ದಾವೆ ಹೂಡಿದವನು, ಅಂತ ಮೂರು ಸಲ ಹೊಡೆದುಬಿಟ್ಟಿದ್ದೆ. ಸಾಹೇಬರು ಕಾಗದ ಎತ್ತಿ ಹಿಡಿದು ಕೇಳಿದರು: "ಮಿಸ್, ಇಂವಾ ಒಬ್ಬನ ಅದಾನೋ, ಅಣ್ಣತಮ್ಮರನ್ನ ಕರಕೊಂಡ ಬಂದಾನೋ?"

ನನಗಾಗ ಇಪ್ಪತ್ತೆರಡು. ಅಕ್ಕಲಕೋಟದ ಕನ್ನಡ ಮನೆಯ ಹುಡುಗಿ. ಅಪ್ಪ ಹಟ ಹಿಡಿದು ಸೋಲಾಪುರದ ಕಾನ್ವೆಂಟಿಗೆ ಹಾಕಿದ್ದರು. ಸಿಸ್ಟರ್‌ಗಳು ನನಗೆ ಟೈಪಿಂಗ್, ಶಾರ್ಟ್‌ಹ್ಯಾಂಡ್, ಬೆನ್ನು ನೇರ ಇಟ್ಟು ಕೂಡುವುದು, ಹಿರಿಯರಿಗೆ ಎದುರು ಮಾತಾಡದಿರುವುದು, ನಾಲ್ಕನ್ನೂ ಒಟ್ಟಿಗೆ ಕಲಿಸಿದರು. ಮೊದಲ ಮೂರು ನಲವತ್ತು ವರ್ಷ ಅನ್ನ ಹಾಕಿದವು. ನಾಲ್ಕನೆಯದನ್ನು ಮರೆಯುವುದಕ್ಕೆ ಬಹಳ ಕಷ್ಟಪಟ್ಟೆ.

ಆಫೀಸಿನಲ್ಲಿ ಹಿರಿಯ ಕಾರಕೂನರಿದ್ದರು, ಎಲ್ಲರಿಗೂ ಕಾಕಾ. ನಾನು ಸೇರಿದ ದಿನವೇ ಗೊಣಗಿದರು: "ಏ ದೇವಾ, ಬಾಯಿಮನಿಷಿ ಕೋರ್ಟಿನ ಕಾಗದಾ ಬಡೀತಾಳಾ? ಬಂದ ಪಕ್ಷಕಾರ ದಾವೆ ಹೇಳ್ತಾನೋ, ಈಕಿನ್ನ ನೋಡ್ಕೋತ ಕೂಡ್ತಾನೋ?" ತಿಂಗಳು ತುಂಬುವುದರೊಳಗೆ ಅದೇ ಕಾಕಾ, "ಟೈಪ್‌ಬಾಯಿ, ಈ ನೋಟೀಸ ಪಟಕ್ಕನ ಬಡದ ಕೊಡ್ರಿ, ನಿಮ್ಮ ಕೈ ಛಲೋ ಐತಿ" ಅನ್ನತೊಡಗಿದ್ದರು.

ಈಗ ಈ ಕೆಲಸಕ್ಕೆ ಬರುವ ಮಕ್ಕಳು ಸ್ಕ್ರೀನ್ ಮೇಲೆ ತಪ್ಪನ್ನು ಅಳಿಸಿ ಮುಂದೆ ಹೋಗುತ್ತಾರೆ. ನಮ್ಮದು ಆರು ಪ್ರತಿ, ನಡುನಡುವೆ ಐದು ಕಾರ್ಬನ್. ಒಂದು ಅಕ್ಷರ ತಪ್ಪಿದರೆ ಆರು ಹಾಳೆಯಲ್ಲೂ ರಬ್ಬರಿನಿಂದ ತಿಕ್ಕಬೇಕು; ಕೊನೆಯ ಪ್ರತಿ ಈರುಳ್ಳಿ ಸಿಪ್ಪೆಯಂಥ ತೆಳು ಕಾಗದ, ಉಸಿರು ಬಿಟ್ಟರೆ ಹರಿಯುತ್ತಿತ್ತು. ಹಾಗಾಗಿ ಟೈಪಿಸ್ಟರಿಗೆ ಒಂದು ಚಟ. ಯಾವಾಗಲೂ ಒಂದೇ ಥರ ಇರುವ ಸಾಲುಗಳನ್ನು, ತಪ್ಪಿಲ್ಲದೆ, ಆಫೀಸಿನಲ್ಲೇ ಮೊದಲು ಹೊಡೆದಿಟ್ಟುಕೊಳ್ಳುವುದು. ಮೇಲೆ ಕೋರ್ಟಿನ ಹೆಸರು, ಕೆಳಗೆ ಕೊನೆಯ ಸಾಲು. ನಡುವೆ ಖಾಲಿ.

ಆ ಕೊನೆಯ ಸಾಲಿನ ಬಗ್ಗೆಯೇ ನಾನು ಹೇಳಬೇಕಾಗಿರುವುದು. ಸಾಹೇಬರ ಹತ್ತಿರ ಬರುವವರಲ್ಲಿ ಅರ್ಧ ಮಂದಿ ಅಕ್ಕಲಕೋಟ ತಾಲೂಕಿನ ಕನ್ನಡದ ರೈತರು, ಕುರುಬರು. ಕಾಗದ ಇಂಗ್ಲಿಷಿನದು. ಅವರು ಕೊಡುವ ಹೇಳಿಕೆಗೆ ನಮ್ಮಲ್ಲಿ ಜಬಾನಿ ಅನ್ನುತ್ತಿದ್ದರು. ಜಬಾನಿಯನ್ನು ನಾನು ಶಾರ್ಟ್‌ಹ್ಯಾಂಡಿನಲ್ಲಿ ಹಿಡಿಯುತ್ತಿದ್ದೆ. ಆ ಗೆರೆಗಳು ಸದ್ದನ್ನು ಬರೆಯುವಂಥವು, ಆದ್ದರಿಂದ ಕನ್ನಡವೂ ಅದರಲ್ಲಿ ಕೂಡುತ್ತಿತ್ತು. ಆಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಅದನ್ನು ತಿರುಗಿ ಕನ್ನಡದಲ್ಲಿ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು. ಕೊನೆಯ ಸಾಲು ಹೀಗೆ: ಕನ್ನಡದಲ್ಲಿ ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದರು.

ಮೈಂದರ್ಗಿಯ ಒಬ್ಬ ಗೌಡರ ಬದುವಿನ ತಕರಾರಿತ್ತು. ಓದಿ ಹೇಳುತ್ತಿದ್ದೇನೆ, ನಡುವೆ ಕೈ ಎತ್ತಿದರು. "ಬಾಯಾರ, ನಂದು ಬೇವಿನ ಗಿಡ. ನೀವು ಆಲದ ಗಿಡ ಮಾಡೀರಿ. ಇಂಗ್ಲೀಷಿನ್ಯಾಗ ಹೋದ್ರ ಗಿಡಾ ಬದಲಾಗ್ತಾವೇನ್ರಿ?" ಆರೂ ಹಾಳೆಯಲ್ಲಿ ಆಲ ಅಳಿಸಿ ಬೇವು ಹೊಡೆದೆ. ಅವರು ಹೋದ ಮೇಲೆ ಸಾಹೇಬರು ಮೆಲ್ಲಗೆ ಹೇಳಿದರು: "ಮಿಸ್, ಕಾಗದಾ ಬರಸಿದಾಂವ ನಾನು, ಬಡದಾಕಿ ನೀನು. ಓದಿ ಹೇಳೂ ಹೊತ್ತಿನ್ಯಾಗಷ್ಟ ಅದು ಅವರದು. ಆ ಹೊತ್ತನ್ನ ಎಂದೂ ಕಡಿಮಿ ಮಾಡಬ್ಯಾಡ."

ಹಾಗೆ ಹೇಳಿದ ಸಾಹೇಬರೇ ಒಂದು ಚಳಿಗಾಲದಲ್ಲಿ ಅವಸರದ ಮನುಷ್ಯರಾದರು. ಹಿಂದಿನ ವರ್ಷ ಅವರ ಅಕ್ಕ ಎಂಟು ತಿಂಗಳು ನರಳಿ ತೀರಿಕೊಂಡಿದ್ದರು. ಕೊನೆಕೊನೆಗೆ "ನನ್ನನ್ನ ಬಿಡಸ್ರಿ" ಅಂತ ಡಾಕ್ಟರರ ಕೈ ಹಿಡಿದು ಬೇಡಿದ್ದರಂತೆ. ಪರದೇಶದ ಪೇಪರುಗಳಲ್ಲಿ ಸಾಹೇಬರು ಓದಿದ್ದರು: ಗುಣವಾಗದ ರೋಗಿ ತಾನಾಗಿ ಕೇಳಿಕೊಂಡರೆ ಡಾಕ್ಟರು ಜೀವ ಮುಗಿಸಲು ಕಾನೂನು ಒಪ್ಪಬೇಕೇ ಅಂತ ಅಲ್ಲಿ ವಾದ ನಡೆದಿದೆ ಎಂದು. ನಮ್ಮಲ್ಲಿ ಯಾಕೆ ಆಗಬಾರದು? ಊರ ವಾಚನಾಲಯದ ಹಾಲ್‌ನಲ್ಲಿ ಶನಿವಾರ ಸಂಜೆ ಭಾಷಣ, ಚರ್ಚೆ ನಡೆಯುತ್ತಿತ್ತು. ಅಲ್ಲಿ ವಿಷಯ ಇಡುವುದು, ಕೈ ಎತ್ತಿಸಿ ಠರಾವು ಮಾಡುವುದು, ಮುಂಬೈ ಸರ್ಕಾರಕ್ಕೆ ಅರ್ಜಿ ಕಳಿಸುವುದು. 'ಯೂಥನೇಶಿಯಾ' ಎಂಬ ಪದ ನಾನು ಮೊದಲ ಸಲ ಟೈಪ್ ಮಾಡಿದ್ದು ಆವಾಗ. ಡಿಕ್ಷನರಿ ನೋಡಿದೆ, ಒಳ್ಳೆಯ ಸಾವು ಅಂತಿತ್ತು. ಕಿಟಕಿಯ ಹೊರಗೆ ನೋಡುತ್ತ ಎಷ್ಟು ಹೊತ್ತು ಕೂತಿದ್ದೆನೋ, ಮಗ್ಗ ನಿಂತದ್ದೂ ಗೊತ್ತಾಗಲಿಲ್ಲ.

ಊರಲ್ಲೆಲ್ಲ ಅದೇ ಮಾತು. ಜೈನರ ಮನೆಯ ಹಿರಿಯರು ಅನ್ನ ಬಿಟ್ಟು ಸಲ್ಲೇಖನದ ವ್ರತ ಹಿಡಿಯುವುದು ಸೋಲಾಪುರಕ್ಕೆ ಹೊಸದಲ್ಲ. ಚಹದ ಅಂಗಡಿಯಲ್ಲಿ "ಅದು ವ್ರತ, ಇದು ಸೂಜಿ" ಅಂತ ಒಬ್ಬರು, "ಹೋಗಿ ಮುಟ್ಟೂ ಊರು ಒಂದ ಅಲ್ಲೇನು" ಅಂತ ಇನ್ನೊಬ್ಬರು. ಆಗ ರಾಜ್ಯಗಳ ಗಡಿಯ ಗದ್ದಲವೂ ನಡೆದಿತ್ತು. ಕಾಕಾ ನಶ್ಯ ಏರಿಸುತ್ತ ಹೇಳಿದರು: "ಸೋಲಾಪುರ ಯಾವ ರಾಜ್ಯಕ್ಕ ಹೋಗತೈತಿ ಇನ್ನೂ ಗೊತ್ತಿಲ್ಲ. ಬದುಕೂ ಜಾಗಾ ಮೊದಲ ಪಕ್ಕಾ ಮಾಡ್ರಿ ಸಾಹೇಬ್ರ, ಸಾಯೂದು ಆಮ್ಯಾಲ ನೋಡೂಣು."

ನಾನು ಕಾನ್ವೆಂಟಿಗೆ ಹೋಗಿ ನನ್ನ ಹಳೆಯ ಟೀಚರ್ ಸಿಸ್ಟರನ್ನು ಕೇಳಿದೆ. "ಕೊಟ್ಟವನೇ ತೆಗೆದುಕೊಳ್ಳಬೇಕು, ಚೈಲ್ಡ್" ಅಂದರು. ಗುಲಾಬಿ ಗಿಡದ ಒಣಗಿದ ಎಲೆ ಕೀಳುತ್ತ, "ನನ್ನ ತಾಯಿ ಬೇಗ ಹೋಗಲಿ ಅಂತ ನಾನು ಪ್ರೇಯರ್ ಮಾಡಿದ್ದೆ. ಪ್ರೇಯರ್‌ಗೆ ಕಾನೂನು ಅಡ್ಡ ಬರಲ್ಲ, ನೋಡು" ಅಂದರು. ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ಇವತ್ತಿನವರೆಗೆ.

ಸಾಹೇಬರಿಗೆ ಬರೀ ವಾದ ಸಾಲದು, ನರಳುತ್ತಿರುವ ಒಬ್ಬರ ಜಬಾನಿ ಬೇಕಾಗಿತ್ತು. ನಾಗಣಸೂರಿನ ಕುರುಬರ ಬೀರವ್ವ ಸಾಹೇಬರ ಹಳೆಯ ಪಕ್ಷಕಾರಳು; ಕುರಿ ಮೇಯಿಸುವ ಗಾಯರಾಣದ ಕೇಸಿನಲ್ಲಿ ಕೋರ್ಟಿನಲ್ಲಿ ನಿಂತು ಎದುರು ವಕೀಲನ ಬಾಯಿ ಮುಚ್ಚಿಸಿದ್ದವಳು. ಈಗ ಹೊಟ್ಟೆಯಲ್ಲಿ ಗಡ್ಡೆ. ದವಾಖಾನೆಯಲ್ಲಿ ಕೊಯ್ದು ನೋಡಿ, ಏನೂ ಮಾಡಲಾಗದೆ ತಿರುಗಿ ಹೊಲಿದು ಮನೆಗೆ ಕಳಿಸಿದ್ದರು. ನೋಡಲು ಹೋದ ಸಾಹೇಬರನ್ನು ಆಕೆಯೇ ಕೇಳಿದ್ದಳಂತೆ, ನನಗೊಂದು ದಾರಿ ಮಾಡಿಕೊಡಲು ನಿಮ್ಮ ಕಾಯದಾದಲ್ಲಿ ಆಗುವುದಿಲ್ಲವೇ ಎಂದು. "ನೀನು ಹೋಗಿ ಬರಕೊಂಡ ಬಾ ಮಿಸ್. ಹೆಣ್ಣಮಕ್ಕಳು ಹೆಣ್ಣಮಕ್ಕಳು ಮಾತಾಡ್ತೀರಿ. ಒಂದ ಪೇಜಿನ್ಯಾಗ ಮುಗಸು."

ಹಿಂದಿನ ರಾತ್ರಿ ಅಕ್ಕಲಕೋಟದಲ್ಲಿ ಚಿಗವ್ವನ, ಅಂದರೆ ಚಿಕ್ಕಮ್ಮನ, ಮನೆಯಲ್ಲಿದ್ದು, ಮಂಗಳವಾರ ಮುಂಜಾನೆ ಚಕ್ಕಡಿ ಹತ್ತಿದೆ. ತೊಡೆಯ ಮೇಲೆ ಆಫೀಸಿನ ಸಣ್ಣ ಟೈಪ್‌ರೈಟರ್, ಅದರ ಪೆಟ್ಟಿಗೆಯೊಳಗೆ ಕೊನೆಯ ಸಾಲು ಹೊಡೆದಿಟ್ಟ ಹಾಳೆಗಳು. ದಾರಿಯುದ್ದಕ್ಕೂ ಒಣಗಿದ ಬಿಳಿಜೋಳ. ಗಾಳಿ ಬಂದಾಗ ಇಡೀ ಹೊಲ ಯಾರೋ ದೊಡ್ಡ ಪುಸ್ತಕ ಮಗುಚಿದ ಹಾಗೆ ಸದ್ದು ಮಾಡುತ್ತಿತ್ತು. ಅರ್ಧ ನಿದ್ದೆ, ಅರ್ಧ ಎಚ್ಚರ. ಆ ದಾರಿ ಈಗಲೂ ನನ್ನ ಕನಸಿನಲ್ಲಿ ಬರುತ್ತದೆ. ಆದರೆ ಕನಸಿನಲ್ಲಿ ಚಕ್ಕಡಿ ಊರು ಮುಟ್ಟುವುದೇ ಇಲ್ಲ.

ಬೀರವ್ವ ಕಟ್ಟೆಯ ಮೇಲೆ ಕಂಬಳಿಯಲ್ಲಿ ಮಲಗಿದ್ದಳು. ಮುಖ ಬತ್ತಿತ್ತು, ಕಣ್ಣು ಮಾತ್ರ ಚುರುಕು. ಪಕ್ಕದಲ್ಲಿ ಸೊಸೆ ಲಗ್ಗವ್ವ ಉಣ್ಣೆ ನೂಲುತ್ತ ಕೂತಿದ್ದಳು.

"ಬಾ ತಂಗಿ. ಆ ಪೆಟಿಗ್ಯಾಗ ಏನೈತಿ? ಬಾಜಾ ಪೆಟಗಿ?"

"ಟೈಪ್‌ರೈಟರ್ ರೀ ಆಯಿ. ಬರಿಯೂ ಮಷೀನು."

"ಹಾಡು ಬರಾಂಗಿಲ್ಲೇನು ಅದರಾಗ?"

"ಇಲ್ಲರಿ."

"ಹಂಗಾದ್ರ ಇಷ್ಟ ಭಾರ ಯಾಕ ಹೊತ್ತಿ ಮತ್ತ!"

ನಾನು ನೋಟ್‌ಬುಕ್ ತೆರೆದೆ. ಆಕೆ ನನ್ನ ಪೆನ್ಸಿಲನ್ನು ನೋಡುತ್ತ, ನಾನು ಹಿಂದೆ ಬೀಳದ ಹಾಗೆ ನಿಧಾನ ಮಾತಾಡಿದಳು. ಕೋರ್ಟು ಕಂಡವಳು.

"ಹೊಟ್ಟ್ಯಾಗ ಯಾರೋ ಕುಂತು ಕುರಿಯ ತುಪ್ಪಟ ಕತ್ತರಿಸಿದಂಗ ಆಗತೈತಿ. ಕತ್ತರಿ ನಿಂದರಾಂಗಿಲ್ಲ. ಡಾಕ್ಟರಗ ಅಂದೆ, ಒಂದ ಸೂಜಿ ಚುಚ್ಚಿ ಕಳಸಿಬಿಡಪಾ ಅಂತ. ಕೈ ಮುಗದಾ, ಕಾಯದಾ ಇಲ್ಲವ್ವಾ ಅಂದಾ. ಅಲ್ಲ ತಂಗಿ, ನನ್ನ ಕುರಿಗೆ ಸಿಗೂದು ನನಗ ಯಾಕ ಸಿಗಬಾರ್ದು?"

"ಕುರಿಗೆ ಏನ್ ಮಾಡ್ತೀರಿ ಆಯಿ?"

"ಏಳಲಾರದ ಕುರಿ ಇರತೈತಿ. ಬದುಕಾಂಗಿಲ್ಲ, ಸಾಯಾಂಗಿಲ್ಲ, ನರಳ್ತಿರತೈತಿ. ನಮ್ಮ ಮನಿಯಾಂವಾ ಒಮ್ಮಿಗೇ ಮುಗಸ್ತಿರಲಿಲ್ಲ. ಮೂರ ಮುಂಜಾನಿ ಅದರ ಮುಂದ ಕುಂತು ಜಾಲಿ ಸೊಪ್ಪು ಹಿಡೀತಿದ್ದಾ. ಬಾಯಿ ತಗೀತಂದ್ರ ಅವತ್ತಿಲ್ಲ, ಮತ್ತ ಒಂದರಿಂದ ಎಣಿಸೂದು. ಮೂರೂ ಮುಂಜಾನಿ ಮಾರಿ ತಿರುವಿತಂದ್ರ ದೇವರು ಬೀರಪ್ಪನ ಹೆಸರ ತಗೊಂಡು, ಒಂದ ಏಟಿಗೆ."

"ಸೊಪ್ಪು ಯಾರಾದ್ರೂ ಹಿಡೀಬಹುದಾ?"

"ಸಾಕಿದಾಂವ ಹಿಡೀಬೇಕು. ಕೊಳ್ಳಾಕ ಬಂದಾಂವ ಅಲ್ಲ." ಸ್ವಲ್ಪ ದಣಿವಾರಿಸಿಕೊಂಡಳು. "ಇದನ್ನ ಬರಕೊ. ನನಗೂ ಹಂಗ ಕೇಳಬೇಕು. ಒಂದ ಸರತಿ ಕೇಳಿ, ಹೆಬ್ಬಟ್ಟ ಒತ್ತಿಸ್ಕೊಂಡು, ಗಾಡಿ ಹತ್ತಿ ಹೋಗೂದಲ್ಲ. ನಿಮ್ಮ ಕಾಯದಾದಾಗ ಸೊಪ್ಪು ಹಿಡಿಯಾಂವ ಯಾರು, ಅದನ್ನ ಮೊದಲ ಹೇಳಂತ ಹೇಳು ಸಾಹೇಬಗ."

ಲಗ್ಗವ್ವ ನೂಲು ಬಿಡದೆ ನಕ್ಕಳು. "ಅತ್ತಿ, ನೀವು ದಿನಾ ಮುಂಜಾನಿ ಬಾಯಿ ತಗದ್ರ ನನ್ನ ಗತಿ ಏನ್ರಿ?"

"ನಿನ್ನ ಕೈ ಸೋಲೂ ತನಕ ಹಿಡಿ!"

ಇಬ್ಬರೂ ನಕ್ಕರು, ನಾನೂ ನಕ್ಕೆ. ಆಮೇಲೆ ನೋವು ಬಂತು. ಲಗ್ಗವ್ವ ಕಣ್ಣಲ್ಲೇ ಹೊರಗೆ ಹೋಗು ಅಂದಳು. ಕುರಿಹಟ್ಟಿಯ ಹಿಂದೆ ನಿಂತು ಎರಡೂ ಕಿವಿ ಮುಚ್ಚಿಕೊಂಡೆ. ಕಾನ್ವೆಂಟಿನಲ್ಲಿ ಅಂಥ ಸದ್ದು ಯಾರೂ ಕಲಿಸಿರಲಿಲ್ಲ.

ಅದು ಮುಗಿದ ಮೇಲೆ ಆಕೆ ಕಣ್ಣು ಮುಚ್ಚಿದಳು, ನಾನು ಬಾಗಿಲ ಬಳಿ ಟೈಪ್ ಮಾಡಲು ಕೂತೆ. ನಂಬರ್ ಒಂದು, ನನ್ನ ಬುದ್ಧಿ ಸ್ಥಿಮಿತದಲ್ಲಿದೆ. ನಂಬರ್ ಎರಡು, ನನ್ನ ರೋಗ ಗುಣವಾಗದು. ನಂಬರ್ ಮೂರು, ಡಾಕ್ಟರಿಗೆ ಕಾನೂನಿನ ಅನುಮತಿ ಸಿಗಲಿ ಎಂದು ನಾನೇ ಕೇಳುತ್ತಿದ್ದೇನೆ. ಕುರಿಯ ಮಾತಿಗೆ ಬಂದಾಗ ಕೈ ನಿಂತಿತು. ಇಂಗ್ಲಿಷಿನಲ್ಲಿ ಅದು ಮಕ್ಕಳ ರೀಡರಿನ ಪಾಠದ ಹಾಗೆ ಕಂಡಿತು. ಹಾಲ್‌ನಲ್ಲಿ ಜನ ನಗಬಹುದು. ಒಂದೇ ಪೇಜು ಅಂದಿದ್ದಾರೆ. ಬಿಟ್ಟೆ.

ಚಕ್ಕಡಿಯವನು ಹೊರಗಿನಿಂದ ಕೂಗಿದ: "ಬಾಯಾರ, ಸೋಲಾಪುರದ ಗಾಡಿ ತಪ್ಪತೈತಿ ನೋಡ್ರಿ!" ಬೀರವ್ವ ಕಣ್ಣು ತೆರೆದಳು. ಹೆಬ್ಬೆಟ್ಟಿಗೆ ಮಸಿ ಹಚ್ಚಿದೆ, ಒತ್ತಿದಳು. ಕಾಗದದ ಕಡೆ ಗಲ್ಲ ಎತ್ತಿ, "ಓದವ್ವ" ಅಂದಳು.

"ನೀವು ಹೇಳಿದ್ದ ಐತಿ ಆಯಿ. ವ್ಯಾಳ್ಯಾ ಆಗೇತಿ."

ನನ್ನ ಮುಖ ನೋಡಿದಳು. "ಹೂಂ. ನೀ ಶಾಣ್ಯಾಕಿ ಅದಿ" ಅಂದಳು.

ಶನಿವಾರ ಸಂಜೆ ಹಾಲ್ ತುಂಬಿ ಹೊರಗಿನ ಮೆಟ್ಟಿಲ ಮೇಲೂ ಜನ. ಹೆಂಗಸರ ಸಾಲಿನ ತುದಿಯಲ್ಲಿ ಕೂತು ನಾನು ಶಾರ್ಟ್‌ಹ್ಯಾಂಡ್ ತೆಗೆದುಕೊಳ್ಳುತ್ತಿದ್ದೆ. ಸಾಹೇಬರು ಜಬಾನಿಯನ್ನು ಇಂಗ್ಲಿಷಿನಲ್ಲಿ, ಮರಾಠಿಯಲ್ಲಿ ಓದಿದರು. ಅವರ ದನಿ ಮಂದ, ತುಂಬಿದ ದನಿ. ನನ್ನ ಹಿಂದಿನ ಹೆಂಗಸು ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು. ನಾನೇ ಟೈಪ್ ಮಾಡಿದ್ದು ಇಷ್ಟು ಚಂದ ಇತ್ತಾ ಅಂತ ನನಗೇ ತೇಲಿದ ಹಾಗಾಯಿತು.

ಎದುರು ಪಕ್ಷದಿಂದ ಎದ್ದವರು ಸಾಹೇಬರ ಅಕ್ಕನಿಗೆ ಔಷಧ ಕೊಟ್ಟಿದ್ದ ಡಾಕ್ಟರರೇ. ಕೋಟಿನ ಗುಂಡಿ ತಪ್ಪಿ ಹಾಕಿಕೊಂಡಿದ್ದರು. ಮರಾಠಿಯಲ್ಲಿ ಹೇಳಿದರು: "ಆಕೆಯ ನೋವಿನ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಈ ಹೆಬ್ಬೆಟ್ಟು ಮಂಗಳವಾರದ್ದು. ಮಂಗಳವಾರ ವಿಷ ಕೊಡಿ ಅಂದ ನನ್ನ ಪೇಶಂಟ್ ಗುರುವಾರ ಮಜ್ಜಿಗೆ ಹುಳಿ ಅಂತ ಸೊಸೆಯನ್ನು ಬೈತಾನೆ. ಕಾನೂನು ಯಾರ ಮಾತು ಕೇಳಬೇಕು? ಬುಧವಾರ ಯಾರಾದರೂ ಹೋಗಿ ಆಕೆಯನ್ನು ಕೇಳಿದ್ದೀರಾ?"

ಸಾಹೇಬರು ಥಟ್ಟನೆ ಎದ್ದರು. "ಆಕೆ ಮಾತು ಬದಲಿಸುವವಳಲ್ಲ. ಜಬಾನಿಯನ್ನು ಕನ್ನಡದಲ್ಲಿ ಪೂರ್ತಿ ಓದಿ ಹೇಳಲಾಗಿದೆ. ನಮ್ಮ ಮಿಸ್ ಇಲ್ಲೇ ಇದ್ದಾರೆ. ಹೌದಲ್ಲ, ಮಿಸ್?"

ಇಡೀ ಹಾಲ್ ನನ್ನ ಕಡೆ ತಿರುಗಿತು. ಎಲ್ಲ ಮುಖಗಳೂ ನೀರಿನೊಳಗೆ ಇದ್ದ ಹಾಗೆ ಕಂಡವು. ನನ್ನ ತೊಡೆಯ ಮೇಲಿನ ನೋಟ್‌ಬುಕ್ಕಿನಲ್ಲಿ, ಹತ್ತು ಹಾಳೆ ಹಿಂದೆ, ಡಾಕ್ಟರರ ಪ್ರಶ್ನೆಗೆ ಬೀರವ್ವನ ಉತ್ತರ ಅವಳದೇ ಮಾತಿನಲ್ಲಿತ್ತು. ಎದ್ದು ಓದಿದರೆ ಎರಡು ನಿಮಿಷ. ನಾನು ಬೆನ್ನು ನೇರ ಇಟ್ಟು ಕೂತು ತಲೆ ಅಲ್ಲಾಡಿಸಿದೆ. ಹೌದು.

ಕೈಗಳು ಎದ್ದವು. ಠರಾವು ಪಾಸಾಯಿತು. ಸೋಮವಾರದ ಟಪಾಲಿಗೆ ಅರ್ಜಿ, 'ಪ್ರತಿ ಅಕ್ಷರವೂ ಆಕೆಯದೇ' ಎಂಬ ಸಾಹೇಬರ ಒಕ್ಕಣೆಯೊಂದಿಗೆ.

ಆ ರವಿವಾರ ಹೇಗೆ ಹೊರಟೆ, ಚಿಗವ್ವನಿಗೆ ಏನು ಹೇಳಿದೆ, ಈಗ ಸ್ಪಷ್ಟವಿಲ್ಲ. ಮತ್ತೆ ತೊಡೆಯ ಮೇಲೆ ಆ ಟೈಪ್‌ರೈಟರ್, ಮತ್ತೆ ಆ ಜೋಳದ ಹೊಲ, ಮತ್ತೆ ಆ ಕಟ್ಟೆ. ಬೀರವ್ವನ ಮುಂದೆ ಕೂತು ಅವಳ ಜಬಾನಿಯನ್ನು ಕನ್ನಡದಲ್ಲಿ ಓದಿದ್ದು ಮಾತ್ರ ನಿನ್ನೆಯದರ ಹಾಗಿದೆ. ಓದುವುದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ.

"ಮುಗೀತಾ?"

"ಮುಗೀತರಿ."

"ಸೊಪ್ಪೆಲ್ಲಿ ಹೋತು?"

ನಾನು ಹೇಳಿದೆ. ಒಂದು ಪೇಜು ಅಂದಿದ್ದರು, ಜನ ನಗಬಹುದು ಅಂತ ನಾನೇ ಬಿಟ್ಟೆ, ಎಂದು.

"ನಗಲಿ ಬಿಡು. ನಗೂ ಮಾತ ಐತಿ. ನಕ್ರ ನನಗೇನ ಆಗತೈತಿ?" ಕಂಬಳಿಯ ಅಂಚನ್ನು ಮುದುಡಿದಳು. "ಇದನ್ನ ಕೇಳಿ ಅವರು ಏನ್ ಮಾಡಿದ್ರು?"

"ಅತ್ತರು ರೀ ಆಯಿ."

"ಅತ್ರಾ? ಯಾಕ? ನಾ ಇನ್ನೂ ಇಲ್ಲೇ ಅದೀನಲ್ಲ!"

ಲಗ್ಗವ್ವ ಈ ಸಲ ನಗಲಿಲ್ಲ. "ಬಾಯಾರ, ಈ ಕಾಗದಾ ಮುಂಬೈಗೆ ಹೋದ್ರ, ಅವ್ರು ಹೂಂ ಅಂದ್ರ, ಆವಾಗ ನಮ್ಮತ್ತಿನ್ನ ಮತ್ತೊಮ್ಮಿ ಯಾರೂ ಕೇಳಾಂಗಿಲ್ಲೇನ್ರಿ?"

ಕಾಗದವನ್ನು ಮೇಲಿಂದ ಕೆಳಗೆ ಮತ್ತೆ ನೋಡಿದೆ. ಮತ್ತೊಮ್ಮೆ ಕೇಳಬೇಕೆಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

"ನನ್ನ ಹೆಬ್ಬಟ್ಟ ತಗದಹಾಕು" ಅಂದಳು ಬೀರವ್ವ.

"ತಗಿಯಾಕ ಬರಾಂಗಿಲ್ಲ ಆಯಿ."

"ಹಂಗಾದ್ರ ಹೊಸಾದ ಬಡಿ. ನಾ ಎಚ್ಚರ ಇರ್ತೀನಿ."

ಎರಡು ಪೇಜಾಯಿತು. ಓದಿದೆ. ತಿದ್ದಿಸಿದಳು. ಮತ್ತೆ ಓದಿದೆ. "ಬ್ಯಾನಿ ಇದ್ದಾಗ ಕೇಳಬಾರ್ದು, ಬ್ಯಾನಿ ಇಳದಾಗ ಕೇಳಬೇಕು ಅಂತ ಹಾಕು." ಹಾಕಿದೆ. "ಸೊಸಿ ಹೂಂ ಅಂದ್ರ ನಡಿಯಾಂಗಿಲ್ಲ. ನಾನ ಅನಬೇಕು." ಲಗ್ಗವ್ವ ಮುಖ ತಿರುವಿದಳು. "ಸಿಟ್ಟಾಗಬ್ಯಾಡ, ಹುಚ್ಚಿ. ನಿನ್ನ ತಲಿ ಮ್ಯಾಲ ಬರಬಾರ್ದಂತ ಬರಸಾಕತ್ತೀನಿ." ಅದನ್ನೂ ಹಾಕಲೇ ಅಂದೆ. "ಅದು ಮನೀ ಮಾತು, ಬಿಡು." ಮೂರನೆಯ ಸಲ ಓದಿದಾಗ ಸರಿ ಅಂದಳು. ಆಮೇಲೆ, ಜೀವನದಲ್ಲಿ ಮೊದಲ ಸಲ, ಆ ಕೊನೆಯ ಸಾಲನ್ನು ನಾನು ಕೊನೆಯಲ್ಲಿ ಟೈಪ್ ಮಾಡಿದೆ.

ಸೋಮವಾರ ಸಾಹೇಬರ ಮೇಜಿನ ಮೇಲೆ ಎರಡೂ ಜಬಾನಿ ಇಟ್ಟು ನಿಂತೆ. ಓದಿದರು. ಕನ್ನಡಕ ತೆಗೆದರು.

"ಶನಿವಾರ ಅಷ್ಟ ಮಂದಿ ಮುಂದ ತಲಿ ಅಲ್ಲಾಡಿಸಿದಾಕಿ ನೀನ ಅಲ್ಲೇನು?"

"ಹೌದು ಸರ್."

"ನನ್ನನ್ನ ಸುಳ್ಳ ಮಾಡಿದಿ."

ನಾನು ರಾಜೀನಾಮೆ ಕೂಡ ಟೈಪ್ ಮಾಡಿ ತಂದಿದ್ದೆ. ಅದನ್ನೂ ಇಟ್ಟೆ. ಕಾಕಾ ಬಾಗಿಲಲ್ಲಿ ಇಣುಕಿ, "ಟಪಾಲಿನ ಹೊತ್ತಾತ್ರಿ" ಅಂದವರು, ನಮ್ಮಿಬ್ಬರ ಮುಖ ನೋಡಿ ಹಿಂದೆ ಸರಿದರು. ಸಾಹೇಬರು ಹೊಸ ಜಬಾನಿಯನ್ನು ಇನ್ನೊಮ್ಮೆ ಓದಿದರು, ತುಟಿ ಅಲುಗಿಸುತ್ತ, ಶಾಲೆ ಹುಡುಗನ ಹಾಗೆ. ಆಮೇಲೆ ನನಗಲ್ಲ, ಕಿಟಕಿಗೆ ಹೇಳಿದರು.

"ಅಕ್ಕ ಒಂದ ದಿನಾ ಪೇರಲಹಣ್ಣ ಕೇಳಿದ್ಲು. ಬಿಡಸ್ರಿ ಬಿಡಸ್ರಿ ಅನ್ನಾಕಿ, ಒಂದ ಮುಂಜಾನಿ ಪೇರಲಹಣ್ಣ ಬೇಕಂದ್ಲು. ನಾವೆಲ್ಲಾ ಭ್ರಮೀ ಅಂದ್ವಿ. ಯಾರೂ ತರಲಿಲ್ಲ."

ರಾಜೀನಾಮೆಯನ್ನು ನಾಲ್ಕಾಗಿ ಮಡಚಿ ಅಲುಗುವ ಮೇಜಿನ ಕಾಲಿನ ಅಡಿಗೆ ಕೊಟ್ಟರು. ಅರ್ಜಿ ಅವತ್ತಿನ ಟಪಾಲಿಗೆ ಹೋಗಲಿಲ್ಲ.

ಮುಂದಿನ ಶನಿವಾರ ಹಾಲ್‌ನಲ್ಲಿ ನಿಂತು ತಮ್ಮ ಒಕ್ಕಣೆ ತಪ್ಪೆಂದರು, ಮತ್ತೆ ನನ್ನನ್ನು ಕರೆದರು. ನೋಟ್‌ಬುಕ್ಕಿನಿಂದ ನೇರ ಬೀರವ್ವನ ಕನ್ನಡದಲ್ಲಿ ಓದಿದೆ. ಅವರು ಮರಾಠಿಯಲ್ಲಿ ಹೇಳಿದರು. ಜನ ನಕ್ಕರು, ಬೀರವ್ವನ ಅಂದಾಜಿನಂತೆಯೇ. ಆಮೇಲೆ ನಗು ಮೆಲ್ಲಗೆ ಇಳಿಯಿತು. ಡಾಕ್ಟರರು ಎದ್ದರು. "ಇಂಥ ಕಾನೂನು ಬೇಡ ಅಂತ ಈಗಲೂ ಅಂತೀನಿ. ಆದರೆ ಯಾವ ಪೇಶಂಟಿಗೂ ನಾನು ಮೂರು ಮುಂಜಾನೆ ಹೋಗಿ ಕೇಳಿದ ನೆನಪಿಲ್ಲ" ಅಂದು ಕೂತುಬಿಟ್ಟರು. ಮತ್ತೆ ಕೈ ಎತ್ತಿಸಿದರು. ಈ ಸಲ ಠರಾವು ಬಿದ್ದುಹೋಯಿತು. ಅತ್ತಾಗ ಎದ್ದಷ್ಟು ಕೈಗಳು ಯೋಚನೆ ಮಾಡಿದಾಗ ಏಳಲಿಲ್ಲ. ಬೀರವ್ವನ ದಾರಿಯನ್ನು ನಾನೇ ಮುಚ್ಚಿದೆನೇನೋ ಎಂಬ ಅಳುಕು ಇವತ್ತಿಗೂ ಪೂರ್ತಿ ಹೋಗಿಲ್ಲ. ಸಾಹೇಬರು ಮಾತ್ರ ಊರ ಹೆಸರು ಬಿಟ್ಟು ತಮ್ಮೊಬ್ಬರದೇ ಸಹಿಯಲ್ಲಿ ಅರ್ಜಿ ಕಳಿಸಿದರು, ಹೊಸ ಜಬಾನಿಯ ಸಮೇತ. ನಿಮ್ಮ ಪತ್ರ ತಲುಪಿದೆ ಎಂಬ ಎರಡು ಸಾಲು ಬಂತು. ಅಷ್ಟೇ.

ಆಮೇಲೆ ಎಲೆಕ್ಟ್ರಿಕ್ ಟೈಪ್‌ರೈಟರ್ ಬಂತು, ಝೆರಾಕ್ಸ್ ಬಂತು, ನಾನು ರಿಟೈರ್ ಆಗುವ ಹೊತ್ತಿಗೆ ಕಂಪ್ಯೂಟರ್. ಕೊನೆಯ ಸಾಲು ಈಗ ಅಚ್ಚಾಗಿಯೇ ಬರುತ್ತದೆ. ಮೊನ್ನೆ ನನ್ನ ಕಣ್ಣಿನ ಆಪರೇಶನ್‌ಗೆ ಒಂದು ಹುಡುಗಿ ಫಾರ್ಮ್ ತಂದು, "ಇಲ್ಲಿ ಸೈನ್ ಮಾಡಿ ಆಂಟಿ" ಅಂದಳು. ಓದಮ್ಮಾ ಅಂದೆ. ಪಾಪ, ಗಡಿಯಾರ ನೋಡಿದಳು. ಅವಳ ಮುಖದಲ್ಲಿ ನನ್ನ ಇಪ್ಪತ್ತೆರಡು ವರ್ಷ ಕಂಡಿತು. ಓದಿಸಿಯೇ ಸೈನ್ ಮಾಡಿದೆ.

ಆ ವರ್ಷವೇ, ಕಾಮಣ್ಣನ ಹುಣ್ಣಿಮೆ ಕಳೆದ ಮೇಲೆ, ಮುಂಬೈಯಿಂದ ಬಂದ ಆ ಎರಡು ಸಾಲು ಹಿಡಿದು ನಾಗಣಸೂರಿಗೆ ಹೋದೆ. ಕಂಬಳಿಯೊಳಗೆ ಬೀರವ್ವ ಇದ್ದಾಳೋ ಇಲ್ಲವೋ ಅನ್ನುವಷ್ಟು ಸಣ್ಣಗಾಗಿದ್ದಳು. ಕಾಗದ ಓದಿ ಹೇಳಿದೆ.

"ಮುಟ್ಟೇತಿ ಅಂದಾರಲ್ಲ. ಆತು ಬಿಡು."

ಅದು ನೋವು ಇಳಿದ ಹೊತ್ತು. ಲಗ್ಗವ್ವ ನೀರಿಗೆ ಹೋಗಿದ್ದಳು. ಕೇಳಲು ನನಗೇನು ಹಕ್ಕಿತ್ತು, ಕೇಳಿ ಏನು ಕೊಡುವವಳಿದ್ದೆ, ಗೊತ್ತಿಲ್ಲ. ಆದರೂ ಹತ್ತಿರ ಸರಿದು ಕೇಳಿದೆ: "ಆಯಿ, ಇವತ್ತ ಏನಂತೀರಿ?"

ಚಾವಣಿಯ ಗಳ ನೋಡಿದಳು. ನಿಜವಾಗಿಯೂ ಯೋಚಿಸುತ್ತಿದ್ದಳು, ಪ್ರಶ್ನೆ ಅವಳಿಗೆ ಹಗುರದ್ದಾಗಿರಲಿಲ್ಲ.

"ಇವತ್ತ ಹೂಂ ಅಂತೀನಿ" ಅಂದಳು.

ನನಗೆ ಅಳು ತಡೆಯಲಾಗಲಿಲ್ಲ. ಆಕೆ ಒಣಗಿದ ಕೈಯಿಂದ ನನ್ನ ಮೊಣಕಾಲಿಗೆ ಒಂದು ಏಟು ಹಾಕಿದಳು.

"ಏ, ಅಳಬ್ಯಾಡ. ಕೇಳಿದವ್ರು ಹಿಂಗ ಅತ್ರ ನಾಳಿಗೆ ನಾ ಖರೇ ಹೇಳಾಂಗಿಲ್ಲ ನೋಡು. ನೀ ಅಳ್ತಿ ಅಂತ ಊಹೂಂ ಅನಬೇಕಾಗತೈತಿ."

ಕಣ್ಣೊರೆಸಿಕೊಂಡೆ. ಹೊತ್ತಾಗಿತ್ತು; ಹೊರಡಲು ಎದ್ದೆ. ಲಗ್ಗವ್ವ ಕೊಡ ಇಳಿಸುತ್ತಿದ್ದಳು. ಒಳಗಿನಿಂದ ಬೀರವ್ವ ಅವಳಿಗೆ ಹೇಳುತ್ತಿದ್ದಳು, ಈ ಹುಡುಗಿಗೆ ಎರಡು ರೊಟ್ಟಿ ಕಟ್ಟು, ಖಾರ ಕಡಿಮೆ ಹಾಕು, ಈಕೆ ಕಾನ್ವೆಂಟಿನಾಕಿ, ತಡಕೊಳ್ಳಾಂಗಿಲ್ಲ ಎಂದು. ಬಾಗಿಲಿಂದ ತಿರುಗಿ ನೋಡಿದೆ. ಗೋಡೆಯ ಕಡೆ ಹೊರಳಲು ಒಬ್ಬಳೇ ಪ್ರಯತ್ನಿಸುತ್ತಿದ್ದಳು, ಯಾರನ್ನೂ ಕರೆಯದೆ, ಸ್ವಲ್ಪ ಸ್ವಲ್ಪವೇ. ಪೂರ್ತಿ ಹೊರಳುವವರೆಗೆ ನಿಂತೆ. ಅದೇ ನಾನು ಅವಳನ್ನು ಕೊನೆಯ ಸಲ ನೋಡಿದ್ದು.